ಬಿಸಿನೀರು ನಿಲ್ಲಿಸಿದವನು

ನಗರಸಭೆ ಡಿಪೋದಲ್ಲಿ ಬಿಸಿನೀರು ನಿಂತುಹೋಯ್ತು. ನಿಲ್ಲಿಸಿದ್ದು ಯಾರು ಅಂತ ಚರಂಡಿ ಗ್ಯಾಂಗಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಾಲರ್‌ಗೆ ಮಾತ್ರ ಗೊತ್ತಿತ್ತು. ಯಾಕಂದ್ರೆ ನಿಲ್ಲಿಸಿದ್ದು ಅವನೇ.

ಕಾಲರ್ ಅನ್ನೋದು ಗ್ಯಾಂಗ್ ಇಟ್ಟ ಹೆಸರು. ಮೊದಲು ಅವನೂ ಅವರ ಜೊತೆಗೇ ಚರಂಡಿಗೆ ಇಳಿದು ಹೂಳು ಎತ್ತುತ್ತಿದ್ದವನು. ಹೇಗೋ ಓದ್ಕೊಂಡು, ಪರೀಕ್ಷೆ ಪಾಸು ಮಾಡಿ, ಸೂಪರ್‌ವೈಸರ್ ಆದ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಡಿಪೋಗೆ ಬಂದ ಮೊದಲ ದಿನ ರೇಡಿಯೋ ಸಲಿಕೆ ಊರಿ ನಿಂತು ನೋಡಿದ. ರೇಡಿಯೋ ಅಂದ್ರೆ ಗ್ಯಾಂಗಿನಲ್ಲಿ ಬಾಯಿ ಮುಚ್ಚದೆ ಮಾತಾಡೋ ಸಣಕಲು ಆಳು. “ಲೇ, ಎಲ್ಲಾ ಎದ್ದು ನಿಲ್ರೋ. ಕಾಲರ್ ಬಂತು. ಹಿಂದೆ ಯಾರೋ ಮನುಷ್ಯನೂ ಬರ್ತಿದ್ದಾನೆ” ಅಂದ. ಅಷ್ಟೇ, ಹೆಸರು ಅಂಟ್ಕೊಂಡುಬಿಡ್ತು.

ಅವನ ಒಡಹುಟ್ಟಿದ ಅಕ್ಕ ಇನ್ನೂ ಗ್ಯಾಂಗಿನಲ್ಲೇ ಇದ್ದಳು. ಅಮ್ಮ ಸತ್ತಾಗ ಅವನಿನ್ನೂ ನಡೆಯೋಕೂ ಕಲಿತಿರಲಿಲ್ಲ. ಸೊಂಟದ ಮೇಲೆ ಹೊತ್ಕೊಂಡು ಬೆಳೆಸಿದ್ದು ಅಕ್ಕನೇ. ಗ್ಯಾಂಗಿಗೆಲ್ಲ ಅವಳು ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಅಂತಲೇ ಕರೀತಿದ್ರು.

ಅವರ ಕೆಲಸ ಏನು ಅಂದ್ರೆ, ಹೋಟೆಲ್ ಸಾಲಿನ ಹಿಂದೆ ಒಂದು ದೊಡ್ಡ ಚರಂಡಿ ಇದೆ. ಅಷ್ಟೂ ಹೋಟೆಲಿನ ಎಣ್ಣೆ, ಜಿಡ್ಡು, ತೊಳೆದ ನೀರು ಅದರಲ್ಲಿ ಬೀಳುತ್ತೆ. ಬಿದ್ದು ಹೆಪ್ಪುಗಟ್ಟುತ್ತೆ. ಬಿಳಿ, ದಪ್ಪ, ಮೇಣದ ಹಾಗೆ. ಅದನ್ನ ಸಲಿಕೆಯಲ್ಲಿ ಕಡಿದು, ಬಾಂಡ್ಲಿಗೆ ತುಂಬಿ, ತಲೆ ಮೇಲಿಂದ ಎತ್ತಿ ಮೇಲಿನವರಿಗೆ ಕೊಡಬೇಕು. ಎತ್ತುವಾಗ ಸೋರುತ್ತೆ. ಮೊದಲು ಕೂದಲಿಗೆ, ಆಮೇಲೆ ಕುತ್ತಿಗೆಗೆ, ಬೆನ್ನಿಗೆ, ಎದೆಗೆ. ಕಿವಿ ಹಿಂದೆ ಕೂರುತ್ತೆ. ಹೊಕ್ಕಳಲ್ಲಿ ಕೂರುತ್ತೆ. ಉಗುರು ಸಂದಿಯಲ್ಲಿ ಕೂತ್ರೆ ಊಟ ಮಾಡೋವಾಗ ಬಾಯಿಗೇ ಬರುತ್ತೆ. ತಣ್ಣೀರಿಗೆ ಅದು ಜಗ್ಗಲ್ಲ. ತಣ್ಣೀರು ಹಾಕಿದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಬಿಸಿನೀರು ಹಾಕಿ ಗಸಗಸ ಉಜ್ಜಿದ್ರೆ ಮಾತ್ರ ಹೋಗುತ್ತೆ.

ಅದಕ್ಕೇ ಡಿಪೋದ ಹಿಂದೆ ತಗಡಿನ ಎರಡು ಬಚ್ಚಲು ಇತ್ತು, ಗಂಡಸರದ್ದು ಹೆಂಗಸರದ್ದು. ನಡುವೆ ಹಳೇ ಬಾಯ್ಲರ್. ಡೀಸೆಲ್ ಹಾಕಿ ಉರಿಸೋದು. ಕೆಮ್ಮುತ್ತಿತ್ತು, ಕರೀ ಹೊಗೆ ಉಗುಳುತ್ತಿತ್ತು, ಆದರೆ ನೀರು ಮಾತ್ರ ಸುಡುಸುಡು ಕೊಡುತ್ತಿತ್ತು. ಕೆಲಸ ಮುಗಿದ ಮೇಲೆ ಗ್ಯಾಂಗಿನವರು ಮತ್ತೆ ಮನುಷ್ಯರಾಗ್ತಿದ್ದದ್ದು ಅಲ್ಲಿ. ಮೈ ತೊಳ್ಕೊಂಡು, ತಲೆ ಬಾಚ್ಕೊಂಡು, ಬೇರೆ ಬಟ್ಟೆ ಹಾಕ್ಕೊಂಡು ಬಸ್ ಹತ್ತಿದ್ರೆ ಪಕ್ಕದಲ್ಲಿ ಕೂತವರಿಗೆ ಇವರು ಯಾರು ಅಂತಲೂ ಗೊತ್ತಾಗ್ತಿರಲಿಲ್ಲ.

ಆಗ ನಗರಸಭೆ ಒಂದು ತೀರ್ಮಾನ ಮಾಡ್ತು. ಊರಿನವರಿಗೆ ಬುದ್ಧಿ ಹೇಳೋ ಮೊದಲು ನಮ್ಮ ಹೊಗೆ ನಾವು ಕಮ್ಮಿ ಮಾಡ್ಕೋಬೇಕು ಅಂತ. ನಮ್ಮ ಕಟ್ಟಡ, ನಮ್ಮ ಗಾಡಿ, ನಮ್ಮ ಯಂತ್ರ ಎಷ್ಟು ಕಾರ್ಬನ್ ಬಿಡುತ್ತೋ ಅಷ್ಟನ್ನೂ ಹಿಡಿದು ಇಳಿಸಬೇಕು ಅಂತ. ಒಳ್ಳೇ ತೀರ್ಮಾನವೇ, ತಪ್ಪೇನಿಲ್ಲ. ಅದಕ್ಕೆ ಒಬ್ಬ ಇಂಜಿನಿಯರ್ ಮೇಡಂನ ಹಾಕಿದ್ರು. ಚಿಕ್ಕ ವಯಸ್ಸು, ಚುರುಕು, ಕೆಟ್ಟವರಲ್ಲ. ಕಾಲರ್‌ಗೆ ಬಹುವಚನ ಹಾಕಿ, “ಕೂತ್ಕೊಳ್ಳಿ” ಅಂತ ಕುರ್ಚಿ ತೋರಿಸಿದ ಮೊದಲ ಅಧಿಕಾರಿ ಅವರು. ಆ ಕುರ್ಚಿಯಲ್ಲಿ ಕೂತ ದಿನ ಅವನಿಗೆ ಬೆನ್ನು ಒರಗಿಸೋಕೂ ಧೈರ್ಯ ಬರಲಿಲ್ಲ. ತುದಿಯಲ್ಲಿ ಕೂತಿದ್ದ.

ದೀಪ ಬದಲಾಯ್ತು. ಜೀಪುಗಳು ಬ್ಯಾಟರಿಯವು ಬಂದ್ವು. ಬಸ್ಸೂ ಬ್ಯಾಟರಿಯದ್ದೇ. ಮುಖ್ಯ ಕಚೇರಿ ಮಾಳಿಗೆ ಮೇಲೆ ಸಾಲಾಗಿ ಸೋಲಾರ್ ಹೀಟರ್ ಕೂತ್ವು, ಅಧಿಕಾರಿಗಳ ಮಹಡಿಗೆ ಬಿಸಿನೀರು ಕೊಡೋಕೆ. ಆದರೂ ಗುರಿಗೆ ಸ್ವಲ್ಪ ಕಮ್ಮಿ ಬೀಳ್ತಿತ್ತು. ಮೇಡಂ ಎಲ್ಲಾ ವಿಭಾಗದವರನ್ನೂ ಕೂರಿಸಿ, ಒಬ್ಬೊಬ್ಬರೂ ಒಂದೊಂದು ಹೇಳಿ, ಏನು ನಿಲ್ಲಿಸಬಹುದು ಅಂತ ಕೇಳಿದ್ರು. ಎಲ್ಲರೂ ತಮ್ಮ ತಮ್ಮ ಉಗುರು ನೋಡ್ಕೊಂಡ್ರು. ಯಾರಿಗೂ ತಮ್ಮದು ಬಿಡೋ ಮನಸ್ಸಿಲ್ಲ. ಮೇಡಂ ಮುಖ ಬಾಡ್ತು. ಕಾಲರ್‌ಗೆ ತಡ್ಕೊಳ್ಳೋಕೆ ಆಗಲಿಲ್ಲ.

“ಡಿಪೋದಲ್ಲಿ ಒಂದು ಬಾಯ್ಲರ್ ಇದೆ ಮೇಡಂ. ಡೀಸೆಲ್ ಕುಡಿಯುತ್ತೆ” ಅಂದ.

ಯಾತಕ್ಕೆ ಅದು ಅಂತ ಅವರು ಕೇಳಿದ್ರು.

ಎಡವಟ್ಟು ಆಗಿದ್ದು ಇಲ್ಲಿ. ಸ್ನಾನಕ್ಕೆ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಬಂದು ಅಲ್ಲೇ ನಿಂತ್ಕೊಂಡ್ತು. ಸ್ನಾನ ಅಂದ್ರೆ ಯಾರ ಸ್ನಾನ, ಯಾಕೆ ಸ್ನಾನ, ಮೈಗೆ ಏನು ಅಂಟಿರುತ್ತೆ ಅಂತ ಎಲ್ಲಾ ಬರುತ್ತೆ. ಆ ಮೇಜಿನ ಸುತ್ತ ಕೂತವರೆಲ್ಲ ಅವನ ಅಂಗಿ ಒಳಗಿನ ಮೈನೇ ನೋಡ್ತಾರೆ. ಕುರ್ಚಿ ಸ್ವಲ್ಪ ಆಚೆ ಎಳ್ಕೊಂಡ್ರೂ ಎಳ್ಕೊಂಡಾರು. ನಾಚಿಕೆ ಆಯ್ತು. “ಕೈಕಾಲು ತೊಳ್ಕೊಳ್ಳೋಕೆ” ಅಂದ.

ಕೈಕಾಲು ತೊಳೆಯೋಕೆ ಬಿಸಿನೀರಾ ಅಂತ ಯಾರೋ ನಕ್ಕರು. ನಮ್ಮನೇಲೂ ಇಲ್ಲಪ್ಪ ಅಂತ ಇನ್ನೊಬ್ಬರು ಅಂದ್ರು. ಅವನೂ ನಕ್ಕ. ಮೇಡಂ ಅವನ ಕಡೆ ತಿರುಗಿ ಥ್ಯಾಂಕ್ಸ್ ಹೇಳಿದ್ರು. ಅವತ್ತು ಅವನು ಮೊದಲ ಸಲ ಆ ಕುರ್ಚಿಗೆ ಬೆನ್ನು ಒರಗಿಸಿದ.

ಆ ವಾರವೇ ಬಾಯ್ಲರ್ ಕಿತ್ತು ಒಯ್ದು, ಮುಖ್ಯ ಕಚೇರಿ ಹಿಂದೆ ಗುಜರಿ ಜೊತೆ ಉರುಳಿಸಿದ್ರು.

ಗ್ಯಾಂಗಿನವರು ಮೊದಲು ರಿಪೇರಿ ಇರಬೇಕು ಅಂದ್ಕೊಂಡ್ರು. ಆಮೇಲೆ ಹೊಗೆ ಇಳಿಸೋಕೆ ಮೇಡಂ ಕಿತ್ತಿಸಿದ್ದಂತೆ ಅಂತ ಸುದ್ದಿ ಬಂತು. ತಣ್ಣೀರಲ್ಲಿ ಉಜ್ಜಿದ್ರು. ಇಟ್ಟಿಗೆ ಚೂರು ತಗೊಂಡು ಉಜ್ಜಿದ್ರು. ಚರ್ಮ ಬಂತು, ಜಿಡ್ಡು ಬರಲಿಲ್ಲ. ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಕುರು ಎದ್ದವು. ರೇಡಿಯೋ ಕಾಲು ಅಗಲಿಸಿಕೊಂಡು ನಡೆಯೋಕೆ ಶುರು ಮಾಡಿ, ನೋಡ್ರೋ, ನಾನೂ ನಗರಸಭೆ ಅಧ್ಯಕ್ಷರ ಥರಾನೇ ನಡೀತೀನಿ ಅಂತ ನಗಿಸಿದ. ನಗಿಸಿ ಗೋಡೆ ಹಿಡ್ಕೊಂಡು ನಿಂತ.

ಬಸ್ಸಂತೂ ಬೇರೆಯೇ ಕಥೆ. ಹೊಸ ಬ್ಯಾಟರಿ ಬಸ್ಸು, ಕಿಟಕಿ ತೆರೆಯೋ ಹಾಗಿಲ್ಲ, ಒಳಗೆಲ್ಲ ತಂಪು. ಇವರು ಹತ್ತಿದ್ರೆ ಜನ ಕರ್ಚೀಫ್ ತೆಗೀತಿದ್ರು. ಒಂದು ದಿನ ಕಂಡಕ್ಟರ್ ಅಕ್ಕನ ಹತ್ತಿರ ಬಂದು, ಮುಖ ಆಚೆ ತಿರುಗಿಸಿಕೊಂಡೇ, ಬೇಜಾರು ಮಾಡ್ಕೋಬೇಡಿ, ಮುಂದಿನ ಸ್ಟಾಪಿನಲ್ಲಿ ಇಳೀರಿ, ಕಂಪ್ಲೇಂಟ್ ಬರ್ತಿದೆ ಅಂದ. ಅಕ್ಕ ಇಳಿದಳು. ಮಾರನೇ ದಿನದಿಂದ ಗ್ಯಾಂಗೇ ನಡ್ಕೊಂಡು ಹೋಗೋಕೆ ಶುರು ಮಾಡ್ತು. ಎಷ್ಟು ದೂರ ಅಂದ್ರೆ, ಮನೆ ಮುಟ್ಟೋ ಹೊತ್ತಿಗೆ ಮೈಮೇಲಿನ ಜಿಡ್ಡು ಒಣಗಿ, ಬಿರುಕು ಬಿಟ್ಟು, ಕೂದಲು ಕಿತ್ಕೊಂಡು ಬರ್ತಿತ್ತು.

ಇಷ್ಟರಲ್ಲಿ ಅಕ್ಕನ ಮಗಳಿಗೆ ಹೆರಿಗೆ ಆಯ್ತು. ಹೆಣ್ಣು ಮಗು. ತಿಂಗಳು ತುಂಬೋ ಮೊದಲೇ ಹುಟ್ಟಿದ್ದು, ಅಂಗೈಯಷ್ಟು. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ರು, ಚರಂಡಿ ಕೆಲಸದಿಂದ ಬಂದವರು ಪೂರ್ತಿ ಚೊಕ್ಕ ಆಗದೆ ಈ ಕೂಸನ್ನ ಮುಟ್ಟೋ ಹಾಗಿಲ್ಲ, ಸೋಂಕು ತಗುಲಿದ್ರೆ ಕೈಗೆ ಸಿಗಲ್ಲ ಅಂತ.

ಕಾಲರ್ ಮಗುವಿಗೆ ಅಂತ ಒಂದು ಫ್ರಾಕ್ ತಗೊಂಡು ಅಕ್ಕನ ಮನೆಗೆ ಹೋದ. ಸಂಜೆ. ಅಂಗಳ ತುಂಬ ಹೊಗೆ. ಅಕ್ಕ ಮೂರು ಕಲ್ಲು ಇಟ್ಟು ಹಂಡೆ ಏರಿಸಿದ್ದಳು. ಮುರಿದ ಪೆಟ್ಟಿಗೆ ಹಲಗೆ, ಚಪ್ಪಲಿ, ಟೈರ್ ಚೂರು, ಸಿಕ್ಕಿದ್ದೆಲ್ಲ ಒಲೆಗೆ ತುರುಕ್ತಿದ್ದಳು. ಮೈ ಇನ್ನೂ ಹಾಗೇ ಇತ್ತು. ಕಣ್ಣು ಕೆಂಡ. ಒಳಗೆ ಮಗು ಅಳ್ತಿತ್ತು.

“ಅಲ್ಲೇ ನಿಲ್ಲೋ, ಹೊಗೆ. ಅಂಗಿ ಹಾಳಾಗುತ್ತೆ” ಅಂದಳು.

ಅವನು ಬೇಲಿ ಆಚೆಗೆ ನೋಡಿದ. ಪಕ್ಕದ ಅಂಗಳದಲ್ಲೂ ಹೊಗೆ. ಅದರಾಚೆ ರೇಡಿಯೋ ಮನೆ, ಅಲ್ಲೂ ಹೊಗೆ. ಗ್ಯಾಂಗಿನವರ ಮನೆ ಮನೆಯಲ್ಲೂ ಒಂದೊಂದು ಹಂಡೆ ಕುದೀತಿತ್ತು. ನಗರಸಭೆ ಗೋಡೆ ಮೇಲೆ ಬಾಣದ ಗುರುತು ಹಾಕಿ ಹೊಗೆ ಇಳೀತು ಇಳೀತು ಅಂತ ಬರೆಸಿದ್ರಲ್ಲ, ಆ ಹೊಗೆ ಎಲ್ಲೂ ಹೋಗಿರಲಿಲ್ಲ. ಬಾಯ್ಲರಿನಿಂದ ಇಳಿದು, ನಡ್ಕೊಂಡು, ಇವರ ಮನೆಗೆ ಬಂದು ಕೂತಿತ್ತು. ಇಲ್ಲಿ ಅದು ನಗರಸಭೆಯದ್ದಲ್ಲ. ಇಲ್ಲಿ ಅದು ಅಕ್ಕನದ್ದು.

ನೀರು ಕಾದು, ಮೈ ಉಜ್ಜಿ, ಬಟ್ಟೆ ಬದಲಾಯಿಸೋ ಹೊತ್ತಿಗೆ ಮಗು ಅತ್ತು ಅತ್ತು ಮಲಗಿರುತ್ತೆ ಅಂತ ಅಕ್ಕ ಹೇಳಿದಳು. ಬೆಳಿಗ್ಗೆ ಹೊರಡೋವಾಗಲೂ ಮಲಗಿರುತ್ತೆ. ಇವತ್ತಿನವರೆಗೂ ಅದು ಕಣ್ಣು ಬಿಟ್ಟಿದ್ದನ್ನ ನೋಡಿಲ್ಲ ಕಣೋ ಅಂದಳು. ಆಮೇಲೆ ಒಲೆ ಊದಿ, ಕೆಮ್ಮಿ, ಮೇಡಂಗೆ ಶಾಪ ಹಾಕಿದಳು. ಆ ಹುಡುಗಿ ಕೈಗೆ ಒಂದೇ ಒಂದು ದಿನ ಈ ಜಿಡ್ಡು ಅಂಟಲಿ. ಹೊಗೆ ಕಮ್ಮಿ ಮಾಡ್ಲಿ, ಬೇಡ ಅಂದವರು ಯಾರು, ನಮ್ಮ ಬಚ್ಚಲಿಂದಾನೇ ಯಾಕೆ ಶುರು ಮಾಡಬೇಕಿತ್ತು ಅವಳು.

“ಹೂಂ” ಅಂದ ಕಾಲರ್.

ಡಿಪೋದಲ್ಲಿ ಚಹಾ ಕುಡಿಯುವಾಗ ಎಲ್ಲರೂ ಮೇಡಂನ ಬೈತಿದ್ರು, ಇವನೂ ಹೂಂಗುಟ್ಟುತ್ತಿದ್ದ. ಒಂದು ಸಲ ಅವರಿಗಿಂತ ಜೋರಾಗಿ ತಾನೇ ಬೈದುಬಿಟ್ಟ. ರೇಡಿಯೋ ಅವನ ಬೆನ್ನು ತಟ್ಟಿ, ಏನೇ ಆಗ್ಲಿ ನಮ್ಮ ಹುಡುಗ ಅಂದ. ಕಾಲರ್ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮೇಡಂ ಹತ್ತಿರ ಹೋಗಿ ನಿಜ ಹೇಳೋಣ ಅಂತ ಎಷ್ಟೋ ಸಲ ಅವರ ಬಾಗಿಲವರೆಗೂ ಹೋದ. ಅವರು ತಲೆ ಎತ್ತಿ ನಕ್ಕು ಬನ್ನಿ ಬನ್ನಿ ಅಂತಿದ್ರು. ಇವನು ಬೇರೆ ಏನೋ ಕೇಳ್ಕೊಂಡು ವಾಪಸ್ ಬರ್ತಿದ್ದ. ಮನೆಯಲ್ಲಿ ಗೀಸರ್ ನೀರು ಮೈಮೇಲೆ ಬಿದ್ರೆ ಸುಟ್ಟ ಹಾಗಾಗ್ತಿತ್ತು. ಆದರೂ ಸ್ನಾನ ಮಾಡ್ತಿದ್ದ. ದಿನಾ ಮಾಡ್ತಿದ್ದ.

ಗುರಿ ಮುಟ್ಟಿತು ಅಂತ ನಗರಸಭೆಗೆ ಫಲಕ ಕೊಡೋಕೆ ಹೊರಗಿನಿಂದ ಅತಿಥಿಗಳು ಬಂದ್ರು. ಸಭಾಂಗಣದಲ್ಲಿ ಕಾರ್ಯಕ್ರಮ. ಗ್ಯಾಂಗನ್ನೂ ಕರ್ಕೊಂಡು ಬನ್ನಿ, ಹಸಿರು ಟೀ ಶರ್ಟ್ ಕೊಡ್ತೀವಿ, ಫೋಟೋಗೆ ಚೆನ್ನಾಗಿರುತ್ತೆ ಅಂತ ಮೇಡಂ ಹೇಳಿದ್ರು. ಅವತ್ತೇ ಬೆಳಿಗ್ಗೆ ಹೋಟೆಲ್ ಸಾಲಿನ ಚರಂಡಿ ಕಟ್ಟಿಕೊಂಡಿತ್ತು. ಗ್ಯಾಂಗ್ ಇಳಿದಿತ್ತು. ಕಾಲರ್ ಹೋಗಿ ಮೇಲಿಂದ ಕರೆದ. ತಣ್ಣೀರಲ್ಲಿ ಮುಖ ತೊಳ್ಕೊಂಡು ಬಂದ್ರು. ಜಿಡ್ಡಿನ ಮೈ ಮೇಲೇ ಟೀ ಶರ್ಟ್ ಎಳ್ಕೊಂಡ್ರು. ಹಸಿರು ಅಲ್ಲಲ್ಲೇ ಕಪ್ಪಾಯ್ತು.

ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ ಕೂರಿಸಿದ್ರು. ಯಾರೋ ಬಂದು ಒಂದು ದೊಡ್ಡ ಫ್ಯಾನ್ ಇಟ್ರು. ಗಾಳಿ ಇವರ ಕಡೆಯಿಂದ ಹೊರಗೆ ಹೋಗೋ ಹಾಗೆ ತಿರುಗಿಸಿದ್ರು. ನಮಗೆ ಸ್ಪೆಷಲ್ ಫ್ಯಾನ್ ಕಣಕ್ಕ ಅಂದ ರೇಡಿಯೋ. ಅಕ್ಕ ನಗಲಿಲ್ಲ.

ಅಧ್ಯಕ್ಷರು ಮಾತಾಡಿದ್ರು. ದೀಪ, ಜೀಪು, ಬಸ್ಸು, ಸೋಲಾರ್ ಎಲ್ಲಾ ಹೇಳಿ, ಆಮೇಲೆ ಗದ್ಗದವಾಗಿ, ಇದಕ್ಕಿಂತ ಹೆಮ್ಮೆಯ ವಿಷಯ ಒಂದಿದೆ ಅಂದ್ರು. “ಕೊನೆಯ ಹೆಜ್ಜೆ ನಮ್ಮ ಅಧಿಕಾರಿಗಳಿಂದ ಬಂದಿದ್ದಲ್ಲ. ಚರಂಡಿ ಕಾರ್ಮಿಕರ ಮನೆಯಿಂದಲೇ ಬಂದ ಹುಡುಗ ಹೇಳಿದ್ದು. ನಮ್ಮ ಬಾಯ್ಲರ್ ನಮಗೆ ಬೇಡ ಅಂತ. ಅವರೇ ಬಿಟ್ಟುಕೊಟ್ಟರು.”

ಚಪ್ಪಾಳೆ. ಕಾಲರ್‌ನ ವೇದಿಕೆಗೆ ಕರೆದ್ರು. ಹೋದ. ಹಾರ ಹಾಕಿಸ್ಕೊಂಡ. ಮೈಕು ಕೊಟ್ರು. ಅವನು ಕೊನೇ ಸಾಲು ನೋಡಲೇ ಇಲ್ಲ. ಫ್ಯಾನ್ ಮಾತ್ರ ಕಾಣಿಸ್ತಿತ್ತು. ಎಲ್ಲರಿಗೂ ಧನ್ಯವಾದ ಅಂತ ಹೇಳಿ ಇಳಿದುಬಿಟ್ಟ. ಅಷ್ಟೇ ಹೇಳಿದ್ದು. ಅಷ್ಟು ಹೇಳೋಕೆ ಅವನ ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಅಕ್ಕ ದಾರಿಗೆ ಅಡ್ಡ ಬಂದು ನಿಂತಿದ್ದಳು.

“ನೀನಾ?”

ಅವನು ತಲೆ ತಗ್ಗಿಸಿದ.

“ನಿನ್ನ ಮೈ ಉಜ್ಜಿದ್ದೂ ಅದೇ ಬಚ್ಚಲಲ್ಲಿ ಕಣೋ.” ಅವಳ ದನಿ ಏರಲಿಲ್ಲ. ಏರಿದ್ರೆ ಚೆನ್ನಾಗಿರ್ತಿತ್ತು. ಅವಳು ಗ್ಯಾಂಗಿನ ಕಡೆ ತಿರುಗಿದಳು. “ಏಳ್ರಿ. ಬಿಸಿನೀರು ಮೇಲಿದೆಯಂತೆ. ಸ್ನಾನ ಮಾಡ್ಕೊಂಡು ಹೋಗೋಣ.”

ಯಾರೂ ಕೂಗಲಿಲ್ಲ, ಯಾರೂ ಕುರ್ಚಿ ತಳ್ಳಲಿಲ್ಲ. ಎದ್ದರು. ಅತಿಥಿಗಳ ಮುಂದೆಯೇ ಹಾದು ಮೆಟ್ಟಿಲು ಹತ್ತಿದರು. ಹೊಳೆಯೋ ಮೆಟ್ಟಿಲ ಮೇಲೆ ಜಿಡ್ಡಿನ ಹೆಜ್ಜೆ ಮೂಡಿದ್ವು. ಅಧಿಕಾರಿಗಳ ಮಹಡಿಯ ಎರಡು ಬಚ್ಚಲಿಗೂ ಹೊಕ್ಕು ಒಳಗಿನಿಂದ ಚಿಲಕ ಹಾಕ್ಕೊಂಡರು. ಕಾವಲುಗಾರ ಬಾಗಿಲು ಬಡಿದ. ಒಳಗಿಂದ ರೇಡಿಯೋ ದನಿ ಬಂತು, “ಸ್ವಲ್ಪ ತಡ ಆಗುತ್ತಪ್ಪ. ಕೈಕಾಲು ಅಲ್ಲ, ಪೂರ್ತಿ ಮನುಷ್ಯ ಇದೀನಿ.”

ಕೈಕಾಲು ಅನ್ನೋ ಮಾತು ಅವನಿಗೆ ಹೇಗೆ ಗೊತ್ತಾಯ್ತು ಅಂತ ಕೇಳಬೇಡಿ. ಅಧ್ಯಕ್ಷರ ಭಾಷಣದಲ್ಲೇ ಇತ್ತು. ಕೈಕಾಲು ತೊಳೆಯೋ ಬಿಸಿನೀರನ್ನೂ ತ್ಯಾಗ ಮಾಡಿದ್ರು ಅಂತ.

ಮೇಡಂ ಮುಖ ಬಿಳಿಚಿಕೊಂಡಿತ್ತು. ಕಾಲರ್‌ನ ಪಕ್ಕಕ್ಕೆ ಎಳೆದು, ಮಾಳಿಗೆಗೆ ಹೋಗಿ ಬಿಸಿನೀರಿನ ವಾಲ್ವ್ ಮುಚ್ಚಿ, ತಣ್ಣೀರು ಬಂದ್ರೆ ತಾವಾಗೇ ಹೊರಗೆ ಬರ್ತಾರೆ ಅಂದ್ರು. ಅವನು ಹೋದ. ಹೇಳಿದ ತಕ್ಷಣ ಹೋಗೋದು ಅವನಿಗೆ ಅಭ್ಯಾಸ ಆಗಿತ್ತು.

ಮಾಳಿಗೆ ಮೇಲೆ ಬಿಸಿಲು ರಾಚ್ತಿತ್ತು. ಕೊಳವೆಗೆ ಕೈಯಿಟ್ಟ. ಬಿಸಿ. ಒಳಗೆ ನೀರು ಹರೀತಿರೋದು ಅಂಗೈಗೆ ಗೊತ್ತಾಗ್ತಿತ್ತು. ಕೆಳಗಿನ ಕಿಟಕಿಯಿಂದ ಸೋಪಿನ ವಾಸನೆ, ಹೆಂಗಸರ ನಗು. ಯಾರೋ ಅಕ್ಕನಿಗೆ, ಬೆನ್ನು ತಿರುಗಿಸು, ಉಜ್ತೀನಿ ಅಂತಿದ್ರು. ಅವನು ವಾಲ್ವಿನ ಚಕ್ರದ ಮೇಲೆ ಕೈಯಿಟ್ಟು ನಿಂತ. ತಿರುಗಿಸಲಿಲ್ಲ. ಕೈ ತೆಗೆಯಲೂ ಇಲ್ಲ.

ಮೇಡಂ ಏದುಸಿರು ಬಿಡ್ತಾ ಮೇಲೆ ಬಂದ್ರು. ಮುಚ್ಚಿದ್ರಾ ಅಂತ ಕೇಳಿದ್ರು.

“ಇಲ್ಲ ಮೇಡಂ.”

ಅವರೇ ಚಕ್ರ ಹಿಡಿದು ತಿರುಗಿಸೋಕೆ ನೋಡಿದ್ರು. ಬಿಗಿಯಾಗಿತ್ತು. ಎರಡೂ ಕೈ ಹಾಕಿದ್ರು. ಜಗ್ಗಲಿಲ್ಲ. ಸ್ವಲ್ಪ ಕೈ ಕೊಡಿ ಅಂದ್ರು.

“ಕೊಡಲ್ಲ” ಅಂದ. “ಅದು ಕೈಕಾಲು ತೊಳೆಯೋ ನೀರಲ್ಲ ಮೇಡಂ. ಸ್ನಾನದ್ದು. ಅದಿಲ್ಲದೆ ಅವರು ಬಸ್ ಹತ್ತೋ ಹಾಗಿಲ್ಲ. ಮಗು ಮುಟ್ಟೋ ಹಾಗಿಲ್ಲ. ನಿಮ್ಮ ಮುಂದೆ ಸ್ನಾನ ಅನ್ನೋಕೆ ನಾಚಿಕೆ ಆಗಿ ಸುಳ್ಳು ಹೇಳ್ದೆ.”

ಮೇಡಂ ಚಕ್ರದಿಂದ ಕೈ ತೆಗೆದ್ರು. “ನಾನು ನಿಮ್ಮನ್ನ ನಂಬಿದ್ದೆ” ಅಂದ್ರು.

“ನಂಬಿದ್ರಿ. ಡಿಪೋಗೆ ಒಂದು ಸಲಾನೂ ಬರಲಿಲ್ಲ.”

ಮೇಡಂ ಅಂಗೈಗೆ ತುಕ್ಕು ಅಂಟಿತ್ತು, ಅದನ್ನೇ ನೋಡ್ತಾ ನಿಂತ್ರು. ನಿಮ್ಮ ಕೆಲಸ ಉಳಿಯಲ್ಲ, ನನ್ನ ಕೈಲೂ ಉಳಿಸೋಕೆ ಆಗಲ್ಲ ಅಂತ ಕೊನೆಗೆ ಹೇಳಿದ್ರು. ಅವನು ಆಗಲೇ ಇಳೀತಿದ್ದ.

ಕೆಳಗೆ ಬಂದಾಗ ಗ್ಯಾಂಗ್ ಹೊರಗೆ ಬಂದಿತ್ತು. ಒದ್ದೆ ತಲೆ, ಕೆಂಪಾದ ಕಿವಿ, ಉಜ್ಜಿ ಉಜ್ಜಿ ಹೊಳೆಯೋ ಕುತ್ತಿಗೆ, ಚೀಲದಲ್ಲಿ ತಂದಿದ್ದ ಬೇರೆ ಬಟ್ಟೆ. ಅಷ್ಟು ದಿನ ಆದ ಮೇಲೆ ಅವರ ಮುಖ ನೋಡಿದ ಹಾಗಾಯ್ತು ಅವನಿಗೆ. ಮಾಳಿಗೆ ಮೇಲಿನ ಮಾತು ಬಚ್ಚಲ ಕಿಟಕಿಗೆ ಕೇಳಿಸಿತ್ತು. ಇವನು ನೀರು ಮುಚ್ಚಲಿಲ್ಲ ಕಣಕ್ಕ ಅಂದ ರೇಡಿಯೋ, ಮೆಲ್ಲಗೆ.

ಅಕ್ಕ ತಲೆ ಹಿಂಡಿಕೊಳ್ತಿದ್ದಳು. ಅವನ ಕಡೆ ನೋಡಲಿಲ್ಲ. “ಮುಚ್ಚದೇ ಇರೋದೇನು ದೊಡ್ಡ ಕೆಲಸ? ಮುಚ್ಚಿಸಿದ್ದನ್ನ ತೆರೆಸಲಿ.”

ಅವನು ಹಾರ ತೆಗೆದು ಮೆಟ್ಟಿಲ ಮೇಲಿಟ್ಟು ಹಿತ್ತಲಿಗೆ ಹೋದ. ಗುಜರಿ ನಡುವೆ ಬಾಯ್ಲರ್ ಅಡ್ಡ ಬಿದ್ದಿತ್ತು. ಹೆಗಲು ಕೊಟ್ಟು ತಳ್ಳಿದ. ಅಲುಗಲಿಲ್ಲ. ಕಂಬಿ ಹುಡುಕಿ ಕೆಳಗೆ ಕೊಟ್ಟು ಮೀಟಿದ. ಮಸಿ, ತುಕ್ಕು ಎಲ್ಲಾ ಅಂಗಿ ಮೇಲೆ ಸುರೀತು. ಬಾಯ್ಲರ್ ಒಂದು ಸುತ್ತು ಉರುಳ್ತು. ಮತ್ತೆ ಮೀಟಿದ, ಮತ್ತೆ ಉರುಳ್ತು. ಕಟ್ಟಡ ಬಳಸಿ, ಮುಂಬಾಗಿಲ ಇಳಿಜಾರಿನಲ್ಲಿ ದಡದಡ ಹೋಗಿ, ಎರಡು ಗೇಟ್ ಕಂಬಗಳ ನಡುವೆ ಸಿಕ್ಕಿಹಾಕ್ಕೊಂಡು ನಿಂತಿತು.

ಅತಿಥಿಗಳು ಹೊರಡೋ ಹೊತ್ತು. ಬ್ಯಾಟರಿ ಕಾರುಗಳು ಸದ್ದಿಲ್ಲದೆ ಬಂದು ಸಾಲಾಗಿ ನಿಂತ್ವು. ಅಧ್ಯಕ್ಷರು ಕಿಟಕಿ ಇಳಿಸಿ, ಏ, ಎತ್ತೋ ಅದನ್ನ ಅಂದ್ರು. ವೇದಿಕೆ ಮೇಲಿನ ಬಹುವಚನ ಹೋಗಿತ್ತು.

“ಎತ್ತಲ್ಲ” ಅಂದ ಕಾಲರ್. “ಡಿಪೋಗೆ ಬಿಸಿನೀರು ಬರಲಿ. ಬಿಸಿಲಿಂದ ಕೊಡ್ತೀರೋ, ಇದರಿಂದ ಕೊಡ್ತೀರೋ, ನಿಮಗೆ ಬಿಟ್ಟಿದ್ದು.” ಬಾಯ್ಲರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

ಗ್ಯಾಂಗ್ ಬಂತು. ಗೇಟಿನ ಪಕ್ಕದ ಸಂದಿಯಿಂದ ಒಬ್ಬೊಬ್ಬರೇ ಹೊರಗೆ ದಾಟಬೇಕಿತ್ತು. ರೇಡಿಯೋ ನಿಂತ. ಸ್ವಲ್ಪ ದೂರ ಬಿಟ್ಟು, ಮಸಿ ತಾಕದ ಹಾಗೆ, ಅವನ ಪಕ್ಕ ಕೂತ. “ನಿನ್ನ ಮೇಲಿನ ಪ್ರೀತಿಗಲ್ಲ. ಕಾಲು ನೋಯ್ತಿದೆ” ಅಂದ. ಇನ್ನೊಬ್ಬರು ಕೂತರು. ಆಮೇಲೆ ಇನ್ನೊಬ್ಬರು. ಹಿಂದಿನ ಕಾರು ಹಾರನ್ ಹೊಡೆಯೋಕೆ ಶುರು ಮಾಡ್ತು.

ಅಕ್ಕ ಕೂರಲಿಲ್ಲ. ಮಗು ಎದ್ದಿರೋ ಹೊತ್ತು ಅಂದಳು, ಯಾರಿಗೆ ಅಂತಲ್ಲ. ಬಾಯ್ಲರ್ ಬಳಸಿ, ಅವನನ್ನೂ ಬಳಸಿ, ಸೀರೆ ಎತ್ತಿ ಹಿಡ್ಕೊಂಡು ದಾಟಿದಳು. ಬಸ್ ಸ್ಟಾಪಿನ ಕಡೆ ಬಿರಬಿರನೆ ನಡೆದಳು. ಬಸ್ ಬಂತು. ಹತ್ತಿದಳು. ಯಾರೂ ಅವಳನ್ನ ಇಳಿಸಲಿಲ್ಲ. ಬಸ್ ತಿರುವಿನಲ್ಲಿ ಮರೆಯಾಗೋವರೆಗೂ ಅವನು ಆ ಮುಚ್ಚಿದ ಕಿಟಕಿಗಳನ್ನೇ ನೋಡ್ತಾ ಕೂತಿದ್ದ. ಅವಳ ತಲೆ ಈ ಕಡೆ ತಿರುಗಲಿಲ್ಲ.